ಮೀಟರ್ ದಾಟಿದ ಮೇಲೆ ಕರೆಂಟು ಯಾರ ಜವಾಬ್ದಾರಿ?

ಬಳ್ಳಾರಿ ಜಿಲ್ಲೆಗೆ ಕರೆಂಟಿನ ಬಡತನ ಇದೆ ಎಂದು ಯಾರೂ ಹೇಳುವಂತಿಲ್ಲ. ಕುಡತಿನಿ ಬಳಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೂರು ಘಟಕಗಳ ಒಟ್ಟು ಸಾಮರ್ಥ್ಯವೇ 1,700 ಮೆಗಾವಾಟ್. ಹಲಕುಂದಿ ಸುತ್ತಮುತ್ತ ಸ್ಪಾಂಜ್ ಐರನ್, ಉಕ್ಕಿನ ಕಾರ್ಖಾನೆಗಳು ಹಗಲು ರಾತ್ರಿ ಓಡುತ್ತವೆ. ಅವುಗಳಿಗೆ ಹೋಗುವ ದೊಡ್ಡ ಲೈನುಗಳು ನಮ್ಮ ಹೊಲಗಳ ಮೇಲೆ ಹಾದುಹೋಗುತ್ತವೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಬಳಸುವ ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತಿದೆ. ಕರೆಂಟು ಇದೆ, ಅದೂ ಪುಕ್ಕಟೆ ಇದೆ.

ಇಷ್ಟು ದೂರ ಬಂದ ಕರೆಂಟು ಕೊನೆಗೆ ನಿಲ್ಲುವುದು ಎಲ್ಲಿ? ಮನೆಯ ಗೋಡೆಯ ಮೇಲಿನ ಒಂದು ಬೋರ್ಡಿನಲ್ಲಿ, ಆ ಬೋರ್ಡಿನ ಒಂದು ಸಾಕೆಟ್ಟಿನಲ್ಲಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಆ ಬೋರ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್. ಒಂದು ಸ್ಕ್ರೂ ಬಿದ್ದುಹೋಗಿ ಅರ್ಧ ತೆರೆದ ಬಾಯಿ. ಪಿನ್ನು ನಿಲ್ಲುವುದಿಲ್ಲ ಅಂತ ಸಂದಿಗೆ ಮಡಚಿ ತುರುಕಿದ ಕಾಗದ. ಪಿನ್ನೇ ಇಲ್ಲದ ವೈರಿನ ಎರಡು ಬರೀ ತುದಿಗಳನ್ನು ತೂತಿಗೆ ಇಳಿಸಿ, ಬೀಳದಿರಲಿ ಎಂದು ಚುಚ್ಚಿಟ್ಟ ಎರಡು ಬೆಂಕಿಕಡ್ಡಿ. ಬೆಂಕಿ ಹಚ್ಚುವ ಕಡ್ಡಿಯನ್ನೇ ಕರೆಂಟಿನ ತೂತಿಗೆ ಸಿಕ್ಕಿಸುತ್ತಿದ್ದೇವೆ ಎಂದು ಯಾರಿಗೂ ಅನಿಸುವುದಿಲ್ಲ. ಅಷ್ಟು ರೂಢಿಯಾಗಿ ಹೋಗಿದೆ. ಕೇಳಿದರೆ ಒಂದೇ ಉತ್ತರ: "ಏನೂ ಆಗಲ್ ಬಿಡ್ರಿ, ವರ್ಷದಿಂದ ಹಂಗೇ ನಡದೈತಿ."

ವರ್ಷದಿಂದ ಹಾಗೇ ನಡೆದಿದೆ ಎನ್ನುವುದು ನಿಜ. ಮುಂದೆಯೂ ಹಾಗೇ ನಡೆಯುತ್ತದೆ ಎನ್ನುವುದು ಮಾತ್ರ ಸುಳ್ಳು. ಯಾಕೆ ಸುಳ್ಳು ಎಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು.

ಸಾಕೆಟ್ಟಿನ ಪ್ಲಾಸ್ಟಿಕ್ ಮುಖದ ಹಿಂದೆ ಇರುವುದು ಹಿತ್ತಾಳೆಯ ಸಣ್ಣ ಹಿಡಿಕೆಗಳು. ಪಿನ್ನನ್ನು ಬಿಗಿಯಾಗಿ ಅಪ್ಪಿ ಹಿಡಿಯುವುದೇ ಅವುಗಳ ಕೆಲಸ. ದಿನಕ್ಕೆ ನಾಲ್ಕು ಸಲ ಹಾಕಿ ತೆಗೆದರೆ ಅವು ಸವೆಯುತ್ತವೆ, ಅಗಲವಾಗುತ್ತವೆ. ಚಪ್ಪಲಿ ಸವೆದ ಹಾಗೆ, ಬಾವಿಯ ರಾಟೆ ಸವೆದ ಹಾಗೆ. ಹಿಡಿತ ಸಡಿಲವಾದರೆ ಕರೆಂಟು ಹಾದುಹೋಗುವ ಜಾಗ ಕಿರಿದಾಗುತ್ತದೆ, ಅಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಯಾದ ಹಿತ್ತಾಳೆ ಇನ್ನಷ್ಟು ಸಡಿಲವಾಗುತ್ತದೆ. ಸಡಿಲವಾದಷ್ಟೂ ಮತ್ತೆ ಬಿಸಿ. ಒಮ್ಮೆ ಶುರುವಾದ ಈ ಸುತ್ತು ತಾನಾಗಿ ನಿಲ್ಲುವುದಿಲ್ಲ.

ನೀರು ಕಾಯಿಸುವ 1,500 ವಾಟ್ ಕಾಯಿಲ್ ಹಾಕಿದಿರಿ ಎನ್ನಿ. 230 ವೋಲ್ಟಿಗೆ ಅದು ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಸಡಿಲ ಸಾಕೆಟ್ಟಿನ ಒಂದು ಹಿಡಿಕೆಯಲ್ಲಿ ಅರ್ಧ ಓಮ್‌ನಷ್ಟು ಅಡ್ಡಿ ಇದ್ದರೂ ಸಾಕು, ಆ ಚಿಕ್ಕ ಜಾಗದಲ್ಲಿ 21 ವಾಟ್ ಬಿಸಿ ಹುಟ್ಟುತ್ತದೆ. ರೇಡಿಯೊ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವಾಟಿನದು. ಅಂದರೆ ಗೋಡೆಯೊಳಗೆ, ಪ್ಲಾಸ್ಟಿಕ್ಕಿಗೆ ಅಂಟಿಸಿ, ಹೆಚ್ಚುಕಡಿಮೆ ಒಂದು ಸೋಲ್ಡರಿಂಗ್ ಐರನ್ ಹಚ್ಚಿಟ್ಟಂತೆ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿದರೆ ಬಿಸಿ ಗೊತ್ತೇ ಆಗುವುದಿಲ್ಲ. ಯಾಕೆಂದರೆ ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ, ಹತ್ತು ಪಟ್ಟಾದರೆ ನೂರು ಪಟ್ಟು. "ಚಾರ್ಜರ್ ಹಾಕಿದ್ರ ಚಲೋನೇ ಐತಿ" ಎನ್ನುವ ಸಾಕೆಟ್ಟೇ ಕಾಯಿಲ್ ಹಾಕಿದ ದಿನ ಕರಗುವುದು ಇದಕ್ಕೇ.

ಇನ್ನೊಂದು ವಿಷಯವನ್ನು ತುಂಬಾ ಜನ ತಪ್ಪಾಗಿ ನಂಬಿದ್ದಾರೆ. "ನಮ್ಮ ಮನೀಗೆ ಎಂಸಿಬಿ ಹಾಕ್ಸೀವಿ, ಏನಾದ್ರೂ ಆದ್ರ ತಾನೇ ಬೀಳ್ತದ" ಎನ್ನುತ್ತಾರೆ. ಎಂಸಿಬಿ ಬೀಳುವುದು ಮಿತಿಗಿಂತ ಹೆಚ್ಚು ಕರೆಂಟು ಹರಿದಾಗ. ಸಡಿಲ ಸಾಕೆಟ್ಟಿನಲ್ಲಿ ಹೆಚ್ಚು ಕರೆಂಟು ಹರಿಯುವುದೇ ಇಲ್ಲ. ಹರಿಯುವುದು ಅದೇ ಆರೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಸಾಕೆಟ್ ಸುಡುತ್ತಿದ್ದರೂ ಅದು ಸುಮ್ಮನೆ ಕೂತಿರುತ್ತದೆ. ಹಳೇ ಕಟೌಟಿನ ಫ್ಯೂಸು ಹೋದಾಗ ಅಲ್ಲಿಗೆ ದಪ್ಪ ತಾಮ್ರದ ಎಳೆ ಸುತ್ತಿದ ಮನೆಗಳ ಕಥೆ ಹೇಳುವುದೇ ಬೇಡ. ಅಲ್ಲಿ ಕಾವಲುಗಾರನೇ ಇಲ್ಲ.

ಹಾಗಾದರೆ ನಮ್ಮ ಮನೆಗಳು ಈ ಸ್ಥಿತಿಗೆ ಬಂದದ್ದು ಹೇಗೆ? ಜನರ ಅಜಾಗರೂಕತೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಾವು ಹಾಗೆ ಹೇಳಲು ತಯಾರಿಲ್ಲ. ಹಳ್ಳಿಯ ಬಡವರ ಮನೆಗಳಿಗೆ ಕರೆಂಟು ಬಂದ ದಾರಿಯನ್ನೇ ನೋಡಿ. 1979-80ರ ಹೊತ್ತಿಗೆ ಕರ್ನಾಟಕದಲ್ಲಿ ಭಾಗ್ಯಜ್ಯೋತಿ ಶುರುವಾಯಿತು. ಬಡವರ ಮನೆಗೆ ಒಂದು ದೀಪ, ಅದು ಆ ಯೋಜನೆಯ ಹೆಮ್ಮೆ. ಬುಡ್ಡಿದೀಪದ ಹೊಗೆಯಲ್ಲಿ ಓದುತ್ತಿದ್ದ ಮಕ್ಕಳ ಮೇಲೆ ಬೆಳಕು ಬಿತ್ತು. ಅದನ್ನು ಸಣ್ಣದು ಮಾಡಿ ಹೇಳುವುದು ನಮ್ಮ ಉದ್ದೇಶ ಅಲ್ಲ. ಆದರೆ ಆ ಮನೆಗಳಿಗೆ ಎಳೆದ ವೈರು ಒಂದು ದೀಪಕ್ಕೆ ಎಳೆದ ವೈರು. ಅರ್ಥಿಂಗ್ ಇಲ್ಲ, ಸಾಕೆಟ್ ಇಲ್ಲ, ಎರಡೇ ಎಳೆ.

ಕಾಲ ನಿಲ್ಲಲಿಲ್ಲ. ಆ ಒಂದು ದೀಪದ ಎರಡು ಎಳೆಗಳಿಂದಲೇ ಮೊದಲು ಒಂದು ಫ್ಯಾನು, ಆಮೇಲೆ ಟಿ.ವಿ., ಆಮೇಲೆ ಮಿಕ್ಸಿ, ಮೊಬೈಲು, ಫ್ರಿಜ್ಜು, ಕೂಲರು. ನಮ್ಮ ಬಳ್ಳಾರಿ ಬಿಸಿಲಿಗೆ ಕೂಲರ್ ಶೋಕಿಯ ವಸ್ತು ಅಲ್ಲ. ಹಗಲು 40 ಡಿಗ್ರಿ ದಾಟಿದ ದಿನದ ರಾತ್ರಿಯಲ್ಲಿ ಕೂಸು ಮಲಗಬೇಕಲ್ಲ. ಮನೆಯಲ್ಲಿ ಸಾಮಾನು ಹೆಚ್ಚಾಯಿತು, ಅದು ಒಳ್ಳೆಯದೇ. ವೈರು ಮಾತ್ರ ಹಳೇದೇ ಉಳಿಯಿತು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಅದು ಅಲ್ಯೂಮಿನಿಯಂ ತಂತಿ. ಸ್ಕ್ರೂ ಕೆಳಗೆ ಒತ್ತಿಟ್ಟ ಅಲ್ಯೂಮಿನಿಯಂ ವರ್ಷ ಕಳೆದಂತೆ ಹರಡಿಕೊಂಡು ತಾನಾಗಿ ಸಡಿಲವಾಗುತ್ತದೆ, ಮೇಲೆ ಬಿಳಿ ಪದರ ಕಟ್ಟಿಕೊಳ್ಳುತ್ತದೆ. ಮಾಳಿಗೆ ಮನೆಯಾದರೆ ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವ ಹೀರಿ ಬೋರ್ಡಿನ ಹಿಂದೆ ಒದ್ದೆ. ಕಾರ್ಖಾನೆ ಹತ್ತಿರದ ಮನೆಯಾದರೆ ಬೋರ್ಡಿನ ಒಳಗೆ ಕಪ್ಪು ದೂಳು. ಕಲ್ಲಿದ್ದಲಿನ ದೂಳಿಗೆ, ಕಬ್ಬಿಣದ ಪುಡಿಗೆ ತೇವ ಸೇರಿದರೆ ಕರೆಂಟು ಅದರ ಮೇಲೂ ದಾರಿ ಮಾಡಿಕೊಳ್ಳುತ್ತದೆ.

ಹೊಸ ಮನೆಗಳ ಕಥೆ ಬೇರೆಯೇನಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ನಿಗದಿ ಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. ಪಾಯ, ಗೋಡೆ, ಛತ್ತು ಮುಗಿಯುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ. ವೈರಿಂಗ್ ಕೊನೆಯ ಕೆಲಸ, ಹಾಗಾಗಿ ಕೊರತೆ ಬೀಳುವುದು ಅಲ್ಲಿಯೇ. ಗೋಡೆಗೆ ಕಬ್ಬಿಣ ಎಷ್ಟು ಎಂದು ನಾಲ್ಕು ಜನರನ್ನು ಕೇಳುವ ನಾವು ವೈರು ಎಷ್ಟು ದಪ್ಪ ಎಂದು ಯಾರನ್ನೂ ಕೇಳುವುದಿಲ್ಲ. ಕಾರ್ಖಾನೆ ಕೆಲಸಕ್ಕೆ ಬಂದವರಿಗೆ ಕಟ್ಟಿದ ಬಾಡಿಗೆ ಕೋಣೆಗಳಲ್ಲಿ ಒಂದೇ ಸಾಕೆಟ್ಟು, ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು, ಆ ಬಾಕ್ಸಿಗೆ ಇಂಡಕ್ಷನ್ ಒಲೆ, ಫ್ಯಾನು, ನಾಲ್ಕು ಮೊಬೈಲು. ಬಾಡಿಗೆಯವರು ಮಾಲೀಕ ಮಾಡಿಸಲಿ ಎನ್ನುತ್ತಾರೆ. ಮಾಲೀಕ, ಹಾಳು ಮಾಡಿದವರೇ ಮಾಡಿಸಲಿ ಎನ್ನುತ್ತಾನೆ. ಸಾಕೆಟ್ ಸುಡುತ್ತಲೇ ಇರುತ್ತದೆ.

ಈ ಬೋರ್ಡನ್ನು ದಿನಾ ಮುಟ್ಟುವವರು ಯಾರು ಎಂದೂ ನೋಡಬೇಕು. ಬೆಳಿಗ್ಗೆ ಎದ್ದು ಬಚ್ಚಲಿಗೆ ಕಾಯಿಲ್ ಹಾಕುವವರು, ಚಟ್ನಿಗೆ ಮಿಕ್ಸಿ ಹಾಕುವವರು, ನೀರಿನ ಮೋಟರ್ ಆನ್ ಮಾಡುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಕೈ ಒದ್ದೆ, ಕಾಲಿಗೆ ಚಪ್ಪಲಿ ಇಲ್ಲ, ಕೆಳಗೆ ತೊಳೆದ ಬಂಡೆ. "ಮಿಕ್ಸಿ ಮುಟ್ಟಿದ್ರ ಜುಂ ಅಂತದ" ಎಂದು ಅವರು ಹೇಳಿ ಆರು ತಿಂಗಳಾಗಿರುತ್ತದೆ. ವೈರ್‌ಮನ್‌ಗೆ ಫೋನ್ ಮಾಡುವುದು, ದುಡ್ಡು ಕೊಡುವುದು ಮಾತ್ರ ಗಂಡಸರ ಕೈಯಲ್ಲಿ. ಅವರು ಬೋರ್ಡ್ ಮುಟ್ಟುವುದು ಚಾರ್ಜರ್ ಹಾಕಲು. ಚಾರ್ಜರ್ ಹಾಕಿದಾಗ ಜುಂ ಅನ್ನುವುದಿಲ್ಲ. ಹಾಗಾಗಿ ರಿಪೇರಿ ಮುಂದಿನ ಹಬ್ಬಕ್ಕೆ ಹೋಗುತ್ತದೆ. ಆ ಜುಂ ಅನ್ನುವುದು ಒಂದು ಎಚ್ಚರಿಕೆ, ಮೈಗೆ ಅಭ್ಯಾಸ ಮಾಡಿಕೊಳ್ಳುವ ಸಂಗತಿ ಅಲ್ಲ.

ಇದೆಲ್ಲ ಹೆದರಿಸುವ ಮಾತು ಎನಿಸಿದರೆ ಒಂದು ಘಟನೆ ನೆನಪಿಸುತ್ತೇವೆ. 2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನ ಸಿದ್ದರ ಗ್ರಾಮದಲ್ಲಿ 8 ತಿಂಗಳ ಹೆಣ್ಣುಕೂಸು ಜೀವ ಬಿಟ್ಟ ಸುದ್ದಿ ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬಂತು. ಚಾರ್ಜರ್ ಸಾಕೆಟ್ಟಿನಲ್ಲೇ ಇತ್ತು, ಸ್ವಿಚ್ ಆನ್ ಇತ್ತು, ತುದಿ ಕೆಳಗೆ ನೇತಾಡುತ್ತಿತ್ತು. ಕೂಸು ಅದನ್ನು ಬಾಯಿಗೆ ಇಟ್ಟುಕೊಂಡಿತು. ಸರಿಯಾಗಿರುವ ಚಾರ್ಜರಿನ ತುದಿಯಲ್ಲಿ ಇರುವುದು 5 ವೋಲ್ಟಿನ ಆಸುಪಾಸು, ಅದು ಯಾರನ್ನೂ ಕೊಲ್ಲುವುದಿಲ್ಲ. ಆದರೆ ಚಾರ್ಜರಿನ ಒಳಗಿನ ತಡೆ ಕೆಟ್ಟರೆ ಗೋಡೆಯ 230 ವೋಲ್ಟ್ ತುದಿಯವರೆಗೂ ಬರಬಹುದು. ಸಾಕೆಟ್ಟಿಗೆ ಸ್ವಿಚ್ ಇರುವುದು ಆರಿಸುವುದಕ್ಕೆ. ಚಾರ್ಜ್ ಮುಗಿದ ಮೇಲೆ ಆರಿಸಲು ಒಂದು ಸೆಕೆಂಡ್ ಸಾಕು.

ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ವೈರ್ ತುಳಿದು ತಾಯಿ, ಮಗು ಇಬ್ಬರೂ ತೀರಿಕೊಂಡರು. ಸಿಟ್ಟು ಎದ್ದಿತು, ಬೆಸ್ಕಾಂ ಅಧಿಕಾರಿಗಳು ಅಮಾನತಾದರು, ಪರಿಹಾರ ಘೋಷಣೆಯಾಯಿತು. ಆಗಬೇಕಾದದ್ದೇ. ರಸ್ತೆಯ ವೈರಿಗೆ ಒಬ್ಬ ಯಜಮಾನ ಇದ್ದಾನೆ, ಪ್ರಶ್ನೆ ಕೇಳಬಹುದು. ಅದೇ ಸಾವು ಮನೆಯೊಳಗೆ, ಸಾಕೆಟ್ಟಿನಿಂದ ಆದರೆ? ಪ್ರಶ್ನೆ ಕೇಳಲು ಯಾರೂ ಇಲ್ಲ. ನಿಯಮ ಸ್ಪಷ್ಟವಾಗಿದೆ. ಮೀಟರಿನವರೆಗೆ ವಿದ್ಯುತ್ ಕಂಪನಿಯದು, ಮೀಟರ್ ದಾಟಿದರೆ ಗ್ರಾಹಕರದು. ನಮ್ಮಲ್ಲಿ ಜೆಸ್ಕಾಂ ಕೆಲಸ ಮೀಟರಿಗೆ ಮುಗಿಯಿತು. ಹೊಸ ಸಂಪರ್ಕ ಕೊಡುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ವೈರಿಂಗ್ ವರದಿ ಬೇಕು. ಆಮೇಲೆ ಮೂವತ್ತು ವರ್ಷ ಕಳೆದರೂ ಆ ಮನೆಯ ವೈರು ಹೇಗಿದೆ ಎಂದು ಯಾರೂ ಬಂದು ನೋಡುವುದಿಲ್ಲ.

ಮನೆಗೆ ಬೆಂಕಿ ಬಿದ್ದರೆ ಮರುದಿನದ ಸುದ್ದಿಯಲ್ಲಿ ಒಂದು ಸಾಲು ಇರುತ್ತದೆ: "ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಕಾಣಿಸಿಕೊಂಡಿದೆ ಎನ್ನಲಾಗಿದೆ." ಸಿಡಿಲು ಬಡಿಯಿತು ಎಂದು ಹೇಳಿದ ಹಾಗೆ. ಶಾರ್ಟ್ ಸರ್ಕ್ಯೂಟ್ ಆಕಾಶದಿಂದ ಬೀಳುವುದಿಲ್ಲ. ಬಿಸಿಗೆ ಇನ್ಸುಲೇಷನ್ ಕರಗಿ ಎರಡು ಎಳೆ ತಾಗಿದ್ದಕ್ಕೆ ಆಗುತ್ತದೆ. ಇನ್ಸುಲೇಷನ್ ಕರಗಿದ್ದು ಸಾಕೆಟ್ ಸಡಿಲವಾಗಿದ್ದಕ್ಕೋ, ಸಣ್ಣ ವೈರಿಗೆ ದೊಡ್ಡ ಹೊರೆ ಹಾಕಿದ್ದಕ್ಕೋ ಆಗಿರಬಹುದು. ಆ ಹಿಂದಿನ ಕಾರಣವನ್ನು ಕೇಳದೆ ಫೈಲು ಮುಚ್ಚಿದರೆ ಪಕ್ಕದ ಮನೆಯ ಅದೇ ಸಾಕೆಟ್ ಹಾಗೇ ಉಳಿಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಲ್ಲಿ ದೇಶದಲ್ಲಿ ಕರೆಂಟ್ ಹೊಡೆದು ಸಾಯುವವರು 2021ರಲ್ಲಿ 12 ಸಾವಿರ ದಾಟಿದ್ದರು, 2022ರಲ್ಲೂ ದಾಟಿದ್ದರು. ಲೈನು, ಮೋಟರು, ಮನೆ ಎಲ್ಲ ಸೇರಿದ ಲೆಕ್ಕ ಅದು. ಸಾಕೆಟ್ಟಿಗೆ ಅಂತ ಬೇರೆ ಕಾಲಂ ಇಲ್ಲ. ಎಣಿಸದ ಸಾವಿಗೆ ಯೋಜನೆಯೂ ಇರುವುದಿಲ್ಲ.

ಸರ್ಕಾರ ಎಚ್ಚರವಾಗುವವರೆಗೆ ಕಾಯಬೇಕಿಲ್ಲ. ಮನೆಯಲ್ಲೇ ಮಾಡಬಹುದಾದ ತಪಾಸಣೆಗೆ ದುಡ್ಡು ಬೇಡ. ಪಿನ್ನು ಹಾಕಿದಾಗ ಬಿಗಿಯಾಗಿ ಕೂರುತ್ತದೆಯೋ, ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆಯೋ ನೋಡಿ. ಅರ್ಧ ಗಂಟೆ ಕಾಯಿಲ್ ಅಥವಾ ಇಸ್ತ್ರಿಪೆಟ್ಟಿಗೆ ಓಡಿಸಿ, ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪಿನ್ನಿನ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಾಕೆಟ್ಟೋ ಪಿನ್ನೋ, ಎರಡರಲ್ಲೊಂದು ಹೋಗಿದೆ. ತೂತಿನ ಸುತ್ತ ಕಂದು ಕಲೆ, ಚರಚರ ಸದ್ದು, ಕಿಡಿ, ಪ್ಲಾಸ್ಟಿಕ್ ಸುಟ್ಟ ಅಥವಾ ಮೀನಿನಂಥ ವಾಸನೆ, ಬೋರ್ಡ್ ಮುಟ್ಟಿದರೆ ಜುಂ ಅನ್ನುವುದು: ಇವುಗಳಲ್ಲಿ ಒಂದಿದ್ದರೂ ಆ ಸಾಕೆಟ್ ಬಳಸುವುದನ್ನು ಅವತ್ತೇ ನಿಲ್ಲಿಸಬೇಕು. ಸುಟ್ಟ ಸಾಕೆಟ್ಟಿಗೆ ರಿಪೇರಿ ಎಂಬುದು ಇಲ್ಲ, ಬದಲಾವಣೆ ಮಾತ್ರ. ಪಿನ್ನಿನ ಸೀಳನ್ನು ಸ್ಕ್ರೂಡ್ರೈವರ್‌ನಿಂದ ಅಗಲಿಸಿ ತುರುಕುವುದು ನಮ್ಮೂರಿನ ಹಳೇ ಉಪಾಯ. ಅಗಲಿಸಿದ ಪಿನ್ನು ಒಳಗಿನ ಹಿಡಿಕೆಯನ್ನೂ ಅಗಲಿಸುತ್ತದೆ. ಇವತ್ತು ಬಿಗಿ, ಒಂದು ತಿಂಗಳಿಗೆ ಮೊದಲಿಗಿಂತ ಸಡಿಲ. ಸುಟ್ಟ ಸಾಕೆಟ್ಟಿನ ಜತೆ ಸುಟ್ಟ ಪಿನ್ನನ್ನೂ ಬಿಸಾಡಬೇಕು. ಇಲ್ಲದಿದ್ದರೆ ಕಪ್ಪಾದ ಪಿನ್ನು ಹೊಸ ಸಾಕೆಟ್ಟನ್ನೂ ಕೆಡಿಸುತ್ತದೆ.

ಅಂಗಡಿಗೆ ಹೋದಾಗ ಕೇಳಬೇಕಾದದ್ದು ಎರಡು. ಮೊದಲನೆಯದು ಎಷ್ಟು ಆಂಪಿಯರ್ ಎಂದು. ಚಿಕ್ಕ ತೂತಿನದು 6 ಆಂಪಿಯರ್, ದೊಡ್ಡ ತೂತಿನದು 16 ಆಂಪಿಯರ್. ಟಿ.ವಿ., ಚಾರ್ಜರ್, ಫ್ಯಾನಿಗೆ ಚಿಕ್ಕದು ಸಾಕು. ಕಾಯಿಲ್, ಗೀಸರ್, ಇಂಡಕ್ಷನ್ ಒಲೆಯಂಥವಕ್ಕೆ ದೊಡ್ಡದೇ ಬೇಕು, ಅದಕ್ಕೆ ಬರುವ ವೈರೂ ಎರಡೂವರೆ ಚದರ ಮಿಲಿಮೀಟರ್ ತಾಮ್ರದ್ದೇ ಇರಬೇಕು. ಚಿಕ್ಕ ವೈರಿಗೆ ದೊಡ್ಡ ಸಾಕೆಟ್ ಹಾಕಿದರೆ ಅಪಾಯ ಕಡಿಮೆಯಾಗುವುದಿಲ್ಲ, ಕಣ್ಣಿಗೆ ಕಾಣದ ಕಡೆ ಗೋಡೆಯೊಳಗೆ ಸರಿಯುತ್ತದೆ. ಎರಡನೆಯದು ಐಎಸ್ಐ ಗುರುತು. ಸಾಕೆಟ್ಟಿಗೆ ಐಎಸ್ 1293, ಸ್ವಿಚ್ಚಿಗೆ ಐಎಸ್ 3854 ಎಂಬ ಸಂಖ್ಯೆ ಇರುತ್ತದೆ. ಒಳ್ಳೆಯ 6 ಆಂಪಿಯರ್ ಸಾಕೆಟ್ ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ.

ಈಗಿನ ಹೆಚ್ಚಿನ ಸಾಕೆಟ್ಟುಗಳಲ್ಲಿ ತೂತಿನ ಒಳಗೆ ಸಣ್ಣ ಬಾಗಿಲು ಇರುತ್ತದೆ, ಮಕ್ಕಳು ಕಡ್ಡಿ ತೂರಿಸದಿರಲಿ ಎಂದು. ನಮ್ಮ ಗುಂಡು ಪಿನ್ನಿನ ಸಾಕೆಟ್ ಬಂದದ್ದು ಬ್ರಿಟಿಷರಿಂದ. ಅವರು 1947ರಲ್ಲೇ ತಮ್ಮ ದೇಶಕ್ಕೆ ಬಾಗಿಲಿರುವ ಸಾಕೆಟ್ಟು, ಫ್ಯೂಸಿರುವ ಪಿನ್ನು ಎಂಬ ಹೊಸ ಪದ್ಧತಿ ಮಾಡಿಕೊಂಡರು. ನಮ್ಮಲ್ಲಿ ಹಳೇದೇ ಉಳಿಯಿತು. ಈಗ ಬಾಗಿಲು ಬಂದರೂ, ಎರಡು ಪಿನ್ನು ಹೋಗುತ್ತಿಲ್ಲ ಎಂದು ಮೇಲಿನ ತೂತಿಗೆ ಪೆನ್ನು ಚುಚ್ಚಿ ಬಾಗಿಲು ತೆಗೆಯುವುದನ್ನು ನಾವೇ ಮಕ್ಕಳ ಕಣ್ಣೆದುರು ಮಾಡುತ್ತೇವೆ. ನಾಳೆ ಮಗು ಪೆನ್ನಿನ ಬದಲು ಮೊಳೆ ಹಿಡಿದರೆ ಬೈಯುವುದು ಯಾರನ್ನು?

ಬದಲಾಯಿಸುವ ಕೆಲಸವನ್ನು ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ ಎಂಬುದು ನಮ್ಮ ಮಾತು. ವಿದ್ಯುತ್ ಪರಿವೀಕ್ಷಣಾ ಇಲಾಖೆ ಆ ಪರ್ಮಿಟ್ ಕೊಡುತ್ತದೆ. ಕೇಳಿ ನೋಡಿದರೆ ಅವಮಾನವೇನಿಲ್ಲ. ಆದರೂ ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನಾಲ್ಕು ವಿಷಯ ಗಮನಿಸಿ. ಮೇನ್ ಆಫ್ ಮಾಡಿದರೇ? ಬರೀ ಸ್ವಿಚ್ ಆರಿಸಿದರೆ ಸಾಲದು, ಹಳೇ ಮನೆಗಳಲ್ಲಿ ಸ್ವಿಚ್ಚು ನ್ಯೂಟ್ರಲ್ ಮೇಲೆ ಇರುವುದುಂಟು, ಆಗ ಸ್ವಿಚ್ ಆರಿದರೂ ಸಾಕೆಟ್ಟಿನಲ್ಲಿ ಫೇಸ್ ಇದ್ದೇ ಇರುತ್ತದೆ. ಫೇಸ್ ಎಳೆ ಬಲಗಡೆಯ ತೂತಿಗೆ ಬಂತೇ? ದೊಡ್ಡ ತೂತು ಮೇಲಿರುವಂತೆ ಎದುರು ನಿಂತು ನೋಡಿದರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸುಟ್ಟ ವೈರಿನ ತುದಿಯನ್ನು ಕತ್ತರಿಸಿ ಹೊಳೆಯುವ ತಾಮ್ರ ಕಂಡ ಮೇಲೆ ಸ್ಕ್ರೂ ಬಿಗಿ ಮಾಡಿದರೇ? ಮೇಲಿನ ದೊಡ್ಡ ತೂತಿಗೆ ಹಸಿರು ವೈರು ಕೊಟ್ಟರೇ?

ಆ ಹಸಿರು ವೈರೇ ನಮ್ಮೂರುಗಳ ದೊಡ್ಡ ಕೊರತೆ. ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಹಿಂದೆ ಎರಡೇ ವೈರು. ಮೂರನೆಯದು ಅಲಂಕಾರಕ್ಕೆ. ತಗಡಿನ ಕೂಲರ್, ಫ್ರಿಜ್ಜು, ಮೋಟರಿನ ಮೈಗೆ ಕರೆಂಟು ಇಳಿದರೆ ಭೂಮಿಗೆ ಹೋಗಲು ಅದಕ್ಕೆ ದಾರಿ ಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಆ ದಾರಿ ಮುಟ್ಟಿದವರ ಮೈ. ಅರ್ಥಿಂಗ್ ಮಾಡಿಸಿದ ಮನೆಯಲ್ಲೂ ಬಿಸಿಲುಗಾಲದಲ್ಲಿ ಎಚ್ಚರ ಬೇಕು. ಸಿರುಗುಪ್ಪ, ಕುರುಗೋಡು ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಮಣ್ಣು ಅರ್ಥ್ ಪೈಪನ್ನು ಬಿಟ್ಟು ಸರಿಯುತ್ತದೆ. ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕುವ ಹಳಬರ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಜತೆಗೆ ಆರ್‌ಸಿಸಿಬಿ ಎಂಬ ಒಂದು ಸ್ವಿಚ್ಚನ್ನು ಮೀಟರ್ ಪಕ್ಕ ಹಾಕಿಸಿ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ತೂಗುತ್ತದೆ. ನಡುವೆ 30 ಮಿಲಿಆಂಪಿಯರ್ ಸೋರಿದರೂ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕತ್ತರಿಸುತ್ತದೆ. 15 ವಾಟಿನ ಸಣ್ಣ ಬಲ್ಬು ಎಳೆಯುವ ಕರೆಂಟಿನ ಅರ್ಧಕ್ಕಿಂತ ಕಡಿಮೆ ಅದು, ಎದೆಯ ಮೂಲಕ ಹಾದರೆ ಅಷ್ಟೇ ಅಪಾಯದ ಗಡಿ. ಸಡಿಲ ಸಾಕೆಟ್ಟಿನ ಬಿಸಿಯನ್ನು ಆರ್‌ಸಿಸಿಬಿ ತಡೆಯುವುದಿಲ್ಲ, ಅದಕ್ಕೆ ಸಾಕೆಟ್ಟನ್ನೇ ಬದಲಾಯಿಸಬೇಕು. ಆದರೆ ಒದ್ದೆ ಕೈಯಲ್ಲಿ ಕೂಲರ್ ಮುಟ್ಟಿದವರನ್ನು ಉಳಿಸುವ ಶಕ್ತಿ ಅದಕ್ಕಿದೆ. ಹಾಕಿಸಲು ಒಂದೆರಡು ಸಾವಿರ ರೂಪಾಯಿ ಬೇಕಾಗುತ್ತದೆ.

ಒಂದೆರಡು ಸಾವಿರ ಎಂದು ಬರೆಯುವುದು ಸುಲಭ, ಕೂಲಿ ಮನೆಗೆ ಅದು ವಾರದ ದುಡಿಮೆ ಎಂದು ನೀವು ಹೇಳುತ್ತೀರಿ. ಒಪ್ಪುತ್ತೇವೆ. ನಮ್ಮ ವಾದ ನಿಂತಿರುವುದು ಅಲ್ಲಿಯೇ. ಉಳ್ಳವರ ಮನೆಗೆ ಈ ಲೇಖನದ ಅಗತ್ಯವಿಲ್ಲ, ಅವರ ಎಲೆಕ್ಟ್ರಿಷಿಯನ್ ಇದನ್ನೆಲ್ಲ ಮಾಡಿರುತ್ತಾನೆ. ಯಾರ ಮನೆಗೆ ಸರ್ಕಾರವೇ ಒಂದು ದೀಪದ ವೈರು ಎಳೆದು ಹೋಯಿತೋ, ಆ ಮನೆಗೆ ಮತ್ತೆ ಒಮ್ಮೆ ಬಂದು ನೋಡುವ ಹೊಣೆಯೂ ಸರ್ಕಾರದ್ದೇ. ತಿಂಗಳು ತಿಂಗಳು ಉಚಿತ ಯೂನಿಟ್‌ಗೆ ಹಣ ಕೊಡುವ ಸರ್ಕಾರಕ್ಕೆ, ಆ ಯೂನಿಟ್ ಹರಿಯುವ ಸಾಕೆಟ್ಟಿಗೆ ಒಮ್ಮೆ ಹಣ ಕೊಡುವುದು ಆಗದ ಮಾತಲ್ಲ.

"ಮನೆಮನೆ ಒಳಗೆ ಹೋಗಿ ನೋಡೋಕೆ ಸಿಬ್ಬಂದಿ ಎಲ್ಲಿದ್ದಾರೆ?" ಎಂಬುದು ಇಲಾಖೆಗಳ ಸಿದ್ಧ ಉತ್ತರ. ಮೀಟರ್ ರೀಡರ್ ಪ್ರತಿ ತಿಂಗಳು ಪ್ರತಿ ಮನೆಗೂ ಬಂದೇ ಬರುತ್ತಾರೆ. ಮೂರು ದೀಪದ ಸಾಕೆಟ್ ಟೆಸ್ಟರ್ ಎಂಬ ಸಣ್ಣ ಸಾಧನ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಾಕೆಟ್ಟಿಗೆ ಚುಚ್ಚಿದರೆ ಅರ್ಥ್ ವೈರು ಇಲ್ಲ, ಫೇಸು-ನ್ಯೂಟ್ರಲ್ ಅದಲು ಬದಲಾಗಿದೆ ಎಂಬುದನ್ನು ದೀಪಗಳೇ ತೋರಿಸುತ್ತವೆ. ಅರ್ಥಿಂಗ್ ಎಷ್ಟು ಗಟ್ಟಿ ಎಂದು ಅದು ಹೇಳುವುದಿಲ್ಲ, ಆದರೆ ಇದೆಯೋ ಇಲ್ಲವೋ ಎನ್ನುವುದಕ್ಕೆ ಸಾಕು. ವರ್ಷಕ್ಕೊಮ್ಮೆ, ಮನೆಯವರು ಒಪ್ಪಿದರೆ, ಒಂದು ನಿಮಿಷದ ಕೆಲಸ. ಫಲಿತಾಂಶವನ್ನು ಬಿಲ್ಲಿನ ಮೇಲೇ ಒಂದು ಸಾಲಿನಲ್ಲಿ ಬರೆಯಬಹುದು. ಶೂನ್ಯ ಎಂದು ಬರುವ ಬಿಲ್ಲಿನಲ್ಲಿ ಜಾಗ ಬೇಕಾದಷ್ಟಿದೆ. ಅದು ತಮ್ಮ ಕೆಲಸವಲ್ಲ ಎಂದು ಅವರು ಹೇಳಿದರೆ ನ್ಯಾಯವೇ. ಕೆಲಸಕ್ಕೆ ತಕ್ಕ ಕೂಲಿ ಸೇರಿಸಿ ಕೊಡಬೇಕು.

ಇನ್ನೊಂದು ದಾರಿ ಐಟಿಐ ವಿದ್ಯಾರ್ಥಿಗಳು. ಎಲೆಕ್ಟ್ರಿಷಿಯನ್ ಕಲಿಯುವ ಹುಡುಗರು ಲ್ಯಾಬಿನ ಮರದ ಹಲಗೆ ಮೇಲೆ ವೈರಿಂಗ್ ಮಾಡಿ, ಬಿಚ್ಚಿ, ಮತ್ತೆ ಮಾಡುತ್ತಾರೆ. ಗ್ರಾಮ ಪಂಚಾಯ್ತಿ ಕರೆದರೆ, ಗುರುಗಳೂ ಪರ್ಮಿಟ್ ಇರುವ ವೈರ್‌ಮನ್ನೂ ಜತೆಗಿದ್ದರೆ, ಒಂದು ಓಣಿಯ ಮನೆಗಳನ್ನು ಎರಡು ದಿನದಲ್ಲಿ ನೋಡಿ ಪಟ್ಟಿ ಮಾಡಬಹುದು. ಯಾವ ಮನೆಗೆ ಅರ್ಥಿಂಗ್ ಇಲ್ಲ, ಎಲ್ಲಿ ಸಾಕೆಟ್ ಸುಟ್ಟಿದೆ, ಎಲ್ಲಿ ಅಲ್ಯೂಮಿನಿಯಂ ತಂತಿ ಇದೆ ಎಂಬ ಪಟ್ಟಿ. ಹಲಕುಂದಿಯಂಥ ಊರಿನಿಂದಲೇ ಶುರು ಮಾಡಲು ಅಡ್ಡಿ ಏನು? ಸುತ್ತಲಿನ ಕಾರ್ಖಾನೆಗಳಲ್ಲಿ ಸಾಮಾಜಿಕ ಹೊಣೆಗಾರಿಕೆಯ ನಿಧಿ ಇರುವ ಕಂಪನಿಗಳೂ ಇರುತ್ತವೆ. ಶಾಲೆಗೆ ಬಣ್ಣ, ಬಸ್ ನಿಲ್ದಾಣಕ್ಕೆ ಬೋರ್ಡು ಆದ ಮೇಲೆ ಒಂದಷ್ಟು ಆರ್‌ಸಿಸಿಬಿಗೂ ದುಡ್ಡು ಕೇಳೋಣ. ಕಂಪನಿಯ ಹೆಸರು ಬರೆಸಲು ಅಲ್ಲಿ ಗೋಡೆ ಇಲ್ಲ ಎನ್ನುವುದೊಂದೇ ತೊಂದರೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರಿನ ಜತೆ ಈ ಪ್ರಶ್ನೆಯೂ ಏಳಲಿ: ಭಾಗ್ಯಜ್ಯೋತಿ ಕಾಲದ ವೈರಿಂಗ್ ಇರುವ ಮನೆಗಳು ನಮ್ಮೂರಲ್ಲಿ ಎಷ್ಟು? ಅವನ್ನು ಯಾರು, ಯಾವಾಗ ನೋಡುತ್ತಾರೆ? ಉತ್ತರ ಗೊತ್ತಿಲ್ಲ ಎಂದರೆ ಅದನ್ನೂ ನಡಾವಳಿಯಲ್ಲಿ ಬರೆಸಿ. ಬರೆದದ್ದನ್ನು ಮುಂದಿನ ಸಭೆಯಲ್ಲಿ ಓದಿ ಕೇಳಬಹುದು. ಹೆಣ್ಣುಮಕ್ಕಳು ಈ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು, ಬೋರ್ಡಿನ ಸ್ಥಿತಿ ಅವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ.

ಅಲ್ಲಿಯವರೆಗೆ ಇವತ್ತು ರಾತ್ರಿಯ ಕೆಲಸ ಇಷ್ಟು. ಮಲಗುವ ಮೊದಲು ಚಾರ್ಜರಿನ ಸ್ವಿಚ್ ಆರಿಸಿ. ಬೆಂಕಿಕಡ್ಡಿ ಚುಚ್ಚಿದ ಸಾಕೆಟ್ ಇದ್ದರೆ ಮೇನ್ ಆಫ್ ಮಾಡಿ ಕಡ್ಡಿ, ವೈರು ಎರಡನ್ನೂ ತೆಗೆದು, ನಾಳೆ ಒಂದು ಪಿನ್ನು ತನ್ನಿ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಅವರನ್ನು ಹಿಡಿದು ಎಳೆಯಬೇಡಿ, ಮೇನ್ ಆಫ್ ಮಾಡಿ. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ದೂರ ಸರಿಸಿ, 108ಕ್ಕೆ ಫೋನ್ ಮಾಡಿ. ಕಂಬದಿಂದ ಮೀಟರಿನವರೆಗಿನ ತೊಂದರೆಗೆ 1912 ಇದೆ. ಮೀಟರಿನಿಂದ ಸಾಕೆಟ್ಟಿನವರೆಗಿನ ತೊಂದರೆಗೆ ಫೋನ್ ಮಾಡಲು ಇನ್ನೂ ಯಾವ ನಂಬರೂ ಇಲ್ಲ. ಆ ನಂಬರ್ ಬರುವವರೆಗೆ ಕೇಳುತ್ತಲೇ ಇರೋಣ.